ದರ ಏರಿತು, ಬಿಲ್ ಯಾಕೆ ಇಳಿಯಲಿಲ್ಲ?

ಪ್ರಶ್ನೆ: ನಮ್ಮ ಅತ್ತೆ ಇಂಗ್ಲೆಂಡಿನ ಒಂದು ಕೇರ್ ಹೋಮ್‌ನಲ್ಲಿ, ಅಂದರೆ ಅಲ್ಲೇ ಇರಿಸಿಕೊಂಡು ಆರೈಕೆ ಮಾಡುವ ಕಡೆ ಇದ್ದಾರೆ. ದಿನವಿಡೀ ನರ್ಸ್ ಇರುವ ಹೋಮ್. ಅವರ ಮನೆ ಮಾರಿದ ದುಡ್ಡಿನಲ್ಲೇ ಖರ್ಚು ನಡೀತಿದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೊಡುವ ನರ್ಸಿಂಗ್ ಹಣ 2025ರ ಏಪ್ರಿಲ್‌ನಿಂದ ವಾರಕ್ಕೆ 235.88 ಪೌಂಡ್‌ನಿಂದ 254.06 ಪೌಂಡ್‌ಗೆ ಏರಿತು ಅಂತ ಓದಿದೆವು. ನಮ್ಮ ಬಿಲ್ ಮಾತ್ರ ಒಂದು ಪೌಂಡೂ ಇಳಿಯಲಿಲ್ಲ, ಉಲ್ಟಾ ಏರಿದೆ. ಹೋಮ್‌ನವರು ನುಂಗಿಬಿಟ್ಟರಾ?

ಉತ್ತರ: ದುಡ್ಡು ಅವರ ಕೈಗೆ ಹೋಗಿರೋದು ನಿಜ. ನುಂಗಿದ್ದಾರೆ ಅನ್ನೋಕೆ ಮುಂಚೆ ನೀವು ಸಹಿ ಹಾಕಿದ ಅಗ್ರಿಮೆಂಟ್ ತೆಗೆದು ನೋಡಬೇಕು.

ಈ ಹಣಕ್ಕೆ ಎಫ್‌ಎನ್‌ಸಿ ಅಂತಾರೆ, ಅಂದರೆ ಎನ್‌ಎಚ್‌ಎಸ್ ಫಂಡೆಡ್ ನರ್ಸಿಂಗ್ ಕೇರ್. ನಿಮ್ಮ ಅತ್ತೆಯ ಖಾತೆಗೆ ಇದು ಬರಲ್ಲ. ಆ ಭಾಗದ ಎನ್‌ಎಚ್‌ಎಸ್ ಮಂಡಳಿ, ಅಂದರೆ ಇಂಟಿಗ್ರೇಟೆಡ್ ಕೇರ್ ಬೋರ್ಡ್, ನೇರವಾಗಿ ಹೋಮ್‌ಗೆ ಕಟ್ಟುತ್ತದೆ. ಅದೂ ರಿಜಿಸ್ಟರ್ಡ್ ನರ್ಸ್ ಮಾಡುವ ಕೆಲಸಕ್ಕೆ ಮಾತ್ರ. ಸ್ನಾನ ಮಾಡಿಸೋದು, ಊಟ, ರೂಮಿನ ಬಾಡಿಗೆ ಇದರಲ್ಲಿ ಸೇರಿಲ್ಲ. ಆಸ್ತಿ, ಆದಾಯ ನೋಡಿ ಕೊಡೋದಲ್ಲ ಅನ್ನೋದೊಂದು ಸಮಾಧಾನ. ಎಷ್ಟೇ ಶ್ರೀಮಂತರಾದರೂ ನರ್ಸ್ ಅಗತ್ಯ ಅಂತ ಅಸೆಸ್‌ಮೆಂಟ್‌ನಲ್ಲಿ ಬಂದರೆ ಸಿಗುತ್ತದೆ.

ಈಗ ಅಗ್ರಿಮೆಂಟ್. ಅದರಲ್ಲಿ ಫೀಸ್ ಎರಡು ಥರ ಬರೆದಿರುತ್ತಾರೆ. ಲೆಕ್ಕಕ್ಕೆ ಅಂತ ವಾರಕ್ಕೆ 1,500 ಪೌಂಡ್ ಇಟ್ಕೊಳ್ಳೋಣ. ಮೊದಲನೇ ಥರದಲ್ಲಿ ಒಟ್ಟು ಫೀಸ್ 1,500, ಅದರಲ್ಲಿ ಎಫ್‌ಎನ್‌ಸಿ ಕಳೆದು ಉಳಿದದ್ದು ನಿಮ್ಮದು ಅಂತ ಇರುತ್ತದೆ. ಹೀಗಿದ್ದರೆ ಮಾರ್ಚ್‌ವರೆಗೆ ನೀವು ಕಟ್ಟಬೇಕಾದದ್ದು 1,264.12, ಏಪ್ರಿಲ್‌ನಿಂದ 1,245.94. ವಾರಕ್ಕೆ 18.18 ಪೌಂಡ್ ಉಳಿಯಿತು. ಎರಡನೇ ಥರದಲ್ಲಿ ನಿಮ್ಮ ಪಾಲು ಇಷ್ಟು, ಎಫ್‌ಎನ್‌ಸಿ ಎಷ್ಟೇ ಬಂದರೂ ಅದು ಇದರ ಮೇಲೆ ಹೋಮ್‌ಗೆ ಸೇರುತ್ತದೆ ಅಂತ ಇರುತ್ತದೆ. ಇದಕ್ಕೆ ಸಹಿ ಹಾಕಿದ್ದರೆ ದರ ಏರಿದ ಲಾಭ ಪೂರ್ತಿ ಅವರದ್ದೇ. ನನಗಂತೂ ಈ ಎರಡನೇ ಪದ್ಧತಿ ಸರಿ ಕಾಣಲ್ಲ. ನರ್ಸಿಂಗ್ ಖರ್ಚು ಸರ್ಕಾರದ್ದು ಅಂತ ಕಾನೂನು ಮಾಡಿದ್ದು ರೋಗಿಯ ಹೊರೆ ಇಳಿಸೋಕೆ ಅಲ್ವಾ? ಆದರೆ ಸಹಿ ಸಹಿಯೇ.

ಮೊದಲನೇ ಥರ ಇದ್ದೂ ಬಿಲ್ ಏರಿದ್ದರೆ, ಒಟ್ಟು ಫೀಸನ್ನೇ ಏರಿಸಿದ್ದಾರೆ ಅಂತ ಅರ್ಥ. ಅದೇ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು, ಸಿಬ್ಬಂದಿ ಸಂಬಳದ ಮೇಲೆ ಮಾಲೀಕರು ಸರ್ಕಾರಕ್ಕೆ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ 13.8ರಿಂದ ಶೇಕಡ 15ಕ್ಕೆ ಹೋಯಿತು. ಹಾಗಾಗಿ ಹೋಮ್‌ನವರ ಖರ್ಚು ಏರಿದ್ದು ಸುಳ್ಳಲ್ಲ. ಆದರೂ ಫೀಸ್ ಏರಿಕೆ, ಎಫ್‌ಎನ್‌ಸಿ ಏರಿಕೆ ಎರಡನ್ನೂ ಒಂದೇ ಮೊತ್ತದಲ್ಲಿ ಕಲಸಿ ನಿಮಗೆ ಕೊಡಬಾರದು. ಬಿಲ್‌ನಲ್ಲಿ ಒಟ್ಟು ಫೀಸ್ ಒಂದು ಸಾಲು, ಕಳೆದ ಎಫ್‌ಎನ್‌ಸಿ ಇನ್ನೊಂದು ಸಾಲು, ಹೀಗೆ ಬಿಡಿಸಿ ಕೊಡಿ ಅಂತ ಇಮೇಲ್‌ನಲ್ಲಿ ಕೇಳಿ. ಬಾಯಿ ಮಾತು ಬೇಡ. ಫೀಸ್ ಎಷ್ಟು, ಯಾವಾಗ ಹೇಗೆ ಏರುತ್ತದೆ ಅನ್ನೋದು ಮೊದಲೇ ಸ್ಪಷ್ಟವಾಗಿರಬೇಕು ಅಂತ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಸಿಎಂಎ 2018ರಲ್ಲೇ ಕೇರ್ ಹೋಮ್‌ಗಳಿಗೆ ಹೇಳಿದೆ. ಹೋಮ್‌ನವರ ಉತ್ತರ ಸರಿಹೋಗದಿದ್ದರೆ ಇಂಥ ದೂರು ವಿಚಾರಿಸುವ ಲೋಕಲ್ ಗವರ್ನಮೆಂಟ್ ಅಂಡ್ ಸೋಶಿಯಲ್ ಕೇರ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಸ್ವಂತ ದುಡ್ಡಲ್ಲಿ ಇರುವವರಿಗೂ ಆ ಬಾಗಿಲು ತೆರೆದಿದೆ.

ಪ್ರಶ್ನೆ: ಈ ದರ ಏರಿಸೋದಕ್ಕೆ ಏನು ಲೆಕ್ಕ? ಕೆಲವು ವರ್ಷ ಅರಿಯರ್ಸ್ ಬಂತು ಅಂತಾರಲ್ಲ?

ಉತ್ತರ: ಬಂದಿದೆ. ದರ ಗೊತ್ತುಮಾಡೋದು ಅಲ್ಲಿನ ಆರೋಗ್ಯ ಇಲಾಖೆ, ಸಾಮಾನ್ಯವಾಗಿ ಏಪ್ರಿಲ್‌ನಿಂದ ಏಪ್ರಿಲ್‌ಗೆ. ನರ್ಸ್‌ಗಳ ಸಂಬಳ, ಬೆಲೆ ಏರಿಕೆ ಇವನ್ನು ನೋಡ್ತಾರೆ. ಕೇಳೋಕೆ ನೆಟ್ಟಗಿದೆ, ಆದರೆ ಇತಿಹಾಸ ನೋಡಿದರೆ ವರ್ಷಗಟ್ಟಲೆ ಸುಮ್ನೆ ತೆವಳಿ ಆಮೇಲೆ ಒಮ್ಮೆಲೇ ಹಾರಿದೆ. 2007ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಒಂದೇ ದರ ಅಂತ 101 ಪೌಂಡ್‌ನಿಂದ ಶುರುವಾದದ್ದು 2015-16ರಲ್ಲಿ 112ಕ್ಕೆ ಬಂದಿತ್ತು, ಅಷ್ಟೇ. ಎಂಟು ವರ್ಷಕ್ಕೆ 11 ಪೌಂಡ್! ಹೋಮ್‌ಗಳು ಗಲಾಟೆ ಮಾಡಿದವು, ಸ್ವತಂತ್ರವಾಗಿ ಪರಿಶೀಲನೆ ಆಯಿತು, 2016ರ ಜುಲೈನಲ್ಲಿ ಒಂದೇ ಏಟಿಗೆ ಸುಮಾರು ಶೇಕಡ 40 ಏರಿಸಿ 156.25 ಮಾಡಿ ಏಪ್ರಿಲ್‌ನಿಂದಲೇ ಲೆಕ್ಕ ಹಾಕಿದರು. ಮರುವರ್ಷ 155.05ಕ್ಕೆ ಇಳಿಸಿಯೂ ಬಿಟ್ಟರು. ಇಳಿಯುತ್ತದೆ ಅಂತ ಯಾರೂ ಅಂದುಕೊಂಡಿರಲ್ಲ, ಆದರೆ ಇಳಿದಿದೆ.

2019-20ರದ್ದು ಇನ್ನೂ ಮಜಾ. 165.56 ಅಂತ ಇದ್ದದ್ದನ್ನು ವರ್ಷ ಮುಗಿದ ಮೇಲೆ 180.31 ಮಾಡಿ ಆ ವರ್ಷದ ಶುರುವಿನಿಂದಲೇ ಲೆಕ್ಕ ಹಾಕಿ ಕೊಟ್ಟರು. 2022ರಲ್ಲೂ 187.60ರಿಂದ 209.19ಕ್ಕೆ ಏರಿಸಿದ್ದು ಏಪ್ರಿಲ್‌ನಿಂದಲೇ ಅನ್ವಯ ಆಯಿತು. ಇಂಥ ಅರಿಯರ್ಸ್ ಕೂಡ ಹೋಮ್‌ಗೇ ಹೋಗೋದು. ಎಫ್‌ಎನ್‌ಸಿ ಕಳೆದು ಕಟ್ಟುವ ಅಗ್ರಿಮೆಂಟ್ ನಿಮ್ಮದಾದರೆ ಆ ತಿಂಗಳುಗಳ ವ್ಯತ್ಯಾಸ ವಾಪಸ್ ಕೇಳಿ. ಅವರಾಗಿ ನೆನಪಿಸ್ತಾರೆ ಅಂತ ಕಾಯಬೇಡಿ.

ಪ್ರಶ್ನೆ: 2025-26ರ ಎಫ್‌ಎನ್‌ಸಿ ದರದ ಪಟ್ಟಿಯಲ್ಲಿ 349.50 ಪೌಂಡ್ ಅಂತ ಹೈಯರ್ ರೇಟ್ ಇತ್ತು. ಅಪ್ಪನಿಗೆ ಕಾಯಿಲೆ ಜಾಸ್ತಿ. ಅದಕ್ಕೆ ಅರ್ಜಿ ಹಾಕೋದು ಹೇಗೆ?

ಉತ್ತರ: ಹಾಕೋಕೆ ಆಗಲ್ಲ. 2007ಕ್ಕೆ ಮುಂಚೆ ಮೂರು ಹಂತದ ದರ ಇತ್ತು. ಆಗ ಮೇಲಿನ ಹಂತದಲ್ಲಿದ್ದವರಿಗೆ ಮಾತ್ರ ಅದನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ಹೊಸಬರಿಗೆ ಇಲ್ಲ.

ಆದರೆ ಕಾಯಿಲೆ ಜಾಸ್ತಿ ಅಂದಿರಲ್ಲ, ನಾನು ನಿಮ್ಮ ಜಾಗದಲ್ಲಿದ್ದರೆ ಎಫ್‌ಎನ್‌ಸಿ ಬಿಟ್ಟು ಸಿಎಚ್‌ಸಿ ಹಿಂದೆ ಬೀಳ್ತಿದ್ದೆ. ಕಂಟಿನ್ಯೂಯಿಂಗ್ ಹೆಲ್ತ್‌ಕೇರ್ ಅಂತ. ಅದು ಸಿಕ್ಕರೆ ಆರೈಕೆ, ರೂಮು, ಊಟ ಎಲ್ಲ ಎನ್‌ಎಚ್‌ಎಸ್ ಲೆಕ್ಕಕ್ಕೆ. ಸಿಗೋದು ಕಷ್ಟ, ಕಾಯಿಲೆಯ ಹೆಸರು ನೋಡಿ ಕೊಡಲ್ಲ, ಆರೈಕೆ ಎಷ್ಟು ಬೇಕು, ಎಷ್ಟು ತೊಡಕಿನದು, ಯಾವಾಗ ಏನಾಗುತ್ತದೋ ಅನ್ನೋ ಸ್ಥಿತಿಯಾ ಅಂತ ನೋಡ್ತಾರೆ. ಎಫ್‌ಎನ್‌ಸಿ ತೀರ್ಮಾನಕ್ಕೆ ಮುಂಚೆ ಸಿಎಚ್‌ಸಿ ಸಿಗುತ್ತದಾ ಅಂತ ನೋಡಲೇಬೇಕು ಅನ್ನೋದು ಅಲ್ಲಿನ ನಿಯಮ. ಎಫ್‌ಎನ್‌ಸಿ ಶುರುವಾದ ಮೂರು ತಿಂಗಳಿಗೆ ಒಂದು ರಿವ್ಯೂ, ಆಮೇಲೆ ವರ್ಷಕ್ಕೊಂದು. ಅಪ್ಪನ ಸ್ಥಿತಿ ಬದಲಾಗಿದ್ದರೆ ಅಲ್ಲಿಯವರೆಗೂ ಕಾಯಬೇಡಿ, ಸಿಎಚ್‌ಸಿಯ ಮೊದಲ ಹಂತದ ಪರಿಶೀಲನೆಯಾದ ಚೆಕ್‌ಲಿಸ್ಟ್ ಮಾಡಿ ಅಂತ ಕೇಳಿ. ರಾತ್ರಿ ಎಷ್ಟು ಸಲ ಎದ್ದರು, ಎಲ್ಲಿ ಬಿದ್ದರು, ಔಷಧಿ ಯಾವಾಗ ಬೇಡ ಅಂದರು, ಇದೆಲ್ಲ ಹೋಮ್‌ನ ದಿನದ ದಾಖಲೆಯಲ್ಲಿ ಇರುತ್ತದೆ. ಅದರ ಪ್ರತಿ ಇಟ್ಕೊಂಡು ಅಸೆಸ್‌ಮೆಂಟ್ ಮೀಟಿಂಗ್‌ಗೆ ಹೋಗಿ. ಸ್ಟಾಫ್ ಚೆನ್ನಾಗಿ ನೋಡಿಕೊಳ್ತಿರೋದ್ರಿಂದ ಅಪ್ಪ ಶಾಂತವಾಗಿದ್ದಾರೆ ಅನ್ನೋದನ್ನೇ ತೋರಿಸಿ ಅಗತ್ಯ ಕಡಿಮೆ ಅಂತ ಬರೆದುಬಿಡಬಹುದು. ಅಲ್ಲಿ ಒಪ್ಪಬೇಡಿ.

ಪ್ರಶ್ನೆ: ಅಮ್ಮ ಇರುವ ಹೋಮ್‌ನಲ್ಲಿ ನರ್ಸ್ ಇಲ್ಲ, ಕೇರರ್‌ಗಳು ಮಾತ್ರ. ಎಫ್‌ಎನ್‌ಸಿ ಸಿಗುತ್ತಾ? ಸಿಕ್ಕರೆ, ಆರೈಕೆ ಬೇಕಾದ ವಯಸ್ಸಾದವರಿಗೆ ಸರ್ಕಾರ ಕೊಡುವ ಭತ್ಯೆ ಅಟೆಂಡೆನ್ಸ್ ಅಲೋಯನ್ಸ್ ನಿಲ್ಲುತ್ತಾ?

ಉತ್ತರ: ಸಿಗಲ್ಲ. ನರ್ಸ್ ಇಲ್ಲದ ಹೋಮ್‌ಗೆ ನರ್ಸಿಂಗ್ ಹಣ ಇಲ್ಲ. ಗಾಯಕ್ಕೆ ಡ್ರೆಸ್ಸಿಂಗ್, ಇಂಜೆಕ್ಷನ್ ಇಂಥದ್ದು ಬೇಕಾದರೆ ಎನ್‌ಎಚ್‌ಎಸ್‌ನ ಡಿಸ್ಟ್ರಿಕ್ಟ್ ನರ್ಸ್ ಅಲ್ಲಿಗೇ ಬರ್ತಾರೆ, ಅದಕ್ಕೆ ಚಾರ್ಜ್ ಇಲ್ಲ. ಹೋಮ್ ಬಿಲ್‌ನಲ್ಲಿ ಅದಕ್ಕೆ ದುಡ್ಡು ಹಾಕಿದ್ದರೆ ಯಾಕೆ ಅಂತ ಕೇಳಿ. ಮುಂದೆ ಅಮ್ಮನನ್ನು ನರ್ಸ್ ಇರುವ ಹೋಮ್‌ಗೆ ಸೇರಿಸಿ, ಖರ್ಚು ನೀವೇ ಕಟ್ಟುತ್ತಿದ್ದರೆ, ಎಫ್‌ಎನ್‌ಸಿ ಬಂದ ಮಾತ್ರಕ್ಕೆ ಅಲೋಯನ್ಸ್ ನಿಲ್ಲಲ್ಲ.