ಚಿಕ್ಕ ಕ್ಲಬ್‌ನಲ್ಲಿ ಇಂಡಿ-ಫೋಕ್ ಬ್ಯಾಂಡ್ ಕೇಳೋಕೆ ಟಿಕೆಟ್ ತಗೋಬೇಕಾ?

ಯೂಟ್ಯೂಬ್‌ನಲ್ಲಿ ಸುಮ್ನೆ ಸಿಗುವ ಇಂಡಿ-ಫೋಕ್ (ದೊಡ್ಡ ಕಂಪನಿಗಳ ಹಂಗಿಲ್ಲದ ತಂಡಗಳು ಜನಪದದ ಧಾಟಿಯಲ್ಲಿ ಮಾಡುವ ಸಂಗೀತ) ಹಾಡನ್ನು ಬೆಂಗಳೂರಿನ ಒಂದು ಚಿಕ್ಕ ಕ್ಲಬ್‌ನಲ್ಲಿ ನಿಂತು ಕೇಳೋಕೆ ದುಡ್ಡು ಯಾಕೆ ಕೊಡಬೇಕು ಅಂತ ಕೇಳಿದ್ದೀರಿ. ಖಂಡಿತ ಕೊಡಿ. ಎಂಟ್ರಿ ಫ್ರೀ ಇರುವ ದಿನ ಬಿಟ್ಟು, ಟಿಕೆಟ್ ಇರುವ ದಿನವೇ ಹೋಗಿ.

ಎಂಟ್ರಿ ಫ್ರೀ ಇದ್ದರೆ ಜಾಗದವರಿಗೆ ದುಡ್ಡು ಬರುವುದು ಬಿಯರ್ ಮತ್ತು ಊಟದಿಂದ. ಬಂದವರಲ್ಲಿ ಎಷ್ಟೋ ಜನ ಆಫೀಸ್ ಗೆಳೆಯರ ಜೊತೆ ಹರಟೆ ಹೊಡೆಯೋಕೆ ಬಂದಿರುತ್ತಾರೆ. ಅವರ ತಪ್ಪೇನಿಲ್ಲ. ಆದರೆ ಈ ಬಗೆಯ ಹಾಡಿನ ಜೀವ ಇರುವುದು ಮೆಲ್ಲಗೆ ನುಡಿಸುವ ಕಡೆಯಲ್ಲಿ. ಗದ್ದಲ ಜಾಸ್ತಿಯಾದರೆ ಬ್ಯಾಂಡ್ ಆ ಹಾಡುಗಳನ್ನೇ ಕೈಬಿಟ್ಟು, ಕುಣಿಸುವ ಹಾಡುಗಳಿಗೆ ಹೋಗಿಬಿಡುತ್ತದೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ನಮ್ಮ ತತ್ವಪದಗಳನ್ನೇ ನೋಡಿ. ಶಿಶುನಾಳ ಶರೀಫರ ಪದಗಳನ್ನು ಊರಿನ ಭಜನೆಗಳಲ್ಲಿ ಹತ್ತಿರ ಹತ್ತಿರ ಕೂತು ಹಾಡುತ್ತಾ ಬಂದವರು ನಮ್ಮ ಜನ. ಅದೇ ಪದಗಳನ್ನು ಮೈಸೂರಿನ ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದರು. ಅವರ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದವರೆಗೂ ಹೋಯಿತು. ದೊಡ್ಡ ಮೈದಾನದಲ್ಲೂ ಆ ಹಾಡುಗಳು ಚೆನ್ನಾಗಿಯೇ ಇರುತ್ತವೆ, ಎಲ್ಲರೂ ಕುಣಿಯುತ್ತಾರೆ. ಆದರೆ ತತ್ವಪದದಲ್ಲಿ ಒಂದೊಂದು ಸಾಲಿಗೂ ಒಗಟಿನಂಥ ಅರ್ಥ ಇರುತ್ತದೆ. ಸಾಲು ಕಿವಿಗೆ ಪೂರ್ತಿ ಬಿದ್ದರೆ ತಾನೆ ಅದು ತಲೆಯಲ್ಲಿ ಉಳಿಯೋದು? ಅದಕ್ಕೆ ಚಿಕ್ಕ ಕೋಣೆಯೇ ಬೇಕು. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ 'ಸ್ವರಾತ್ಮ' ತಂಡವನ್ನೂ ಹತ್ತಿರದಿಂದ ಕೇಳಿ. ಪಿಟೀಲು ಎಲ್ಲಿ ದನಿಯ ಹಿಂದೆ ಬರುತ್ತದೆ, ಎಲ್ಲಿ ದನಿಯನ್ನು ಎಳೆದುಕೊಂಡು ಹೋಗುತ್ತದೆ ಅನ್ನೋದು ಆಗ ಗೊತ್ತಾಗುತ್ತದೆ.

ಚಿಕ್ಕ ಜಾಗಕ್ಕೆ ಅದರದ್ದೇ ಕಷ್ಟಗಳಿವೆ. ಡ್ರಮ್ಸ್ ಸದ್ದು ಮೈಕ್ ಇಲ್ಲದೆಯೇ ಕೋಣೆ ತುಂಬುತ್ತದೆ, ಹಾಡುವವರ ಮೈಕ್‌ಗೂ ನುಗ್ಗುತ್ತದೆ. ಅದಕ್ಕೇ ಎಷ್ಟೋ ಫೋಕ್ ತಂಡಗಳು ಡ್ರಮ್ಸ್ ಬದಲು ಕಹೋನ್ ಅನ್ನೋ ಮರದ ಪೆಟ್ಟಿಗೆ ಇಟ್ಟುಕೊಳ್ಳುತ್ತವೆ. ಅಕೌಸ್ಟಿಕ್ ಗಿಟಾರ್ ಸ್ಪೀಕರ್‌ಗೆ ಹತ್ತಿರವಾದರೆ ಕುಯ್ ಅಂತ ಕೂಗುತ್ತದೆ. ಸಂಜೆ ಖಾಲಿ ಕೋಣೆಯಲ್ಲಿ ಸೌಂಡ್‌ಚೆಕ್ ಮಾಡಿದ ಸದ್ದು, ಜನ ತುಂಬಿದ ಮೇಲೆ ಬೇರೆಯೇ ಆಗುತ್ತದೆ. ಮೈ, ಬಟ್ಟೆಗಳೆಲ್ಲ ಚೂಪು ದನಿಗಳನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಮೊದಲ ಹಾಡು ಮಂಕಾಗಿ ಕೇಳಿದರೆ ಬೇಜಾರಾಗಬೇಡಿ. ಎರಡು ಹಾಡು ಕಾಯಿರಿ, ಸೌಂಡ್ ಮಾಡುವವರು ಸರಿಮಾಡುತ್ತಾರೆ.

ಎಲ್ಲಿ ನಿಲ್ಲಬೇಕು? ಸೌಂಡ್ ಮಾಡುವವರ ಮಿಕ್ಸರ್ ಮೇಜಿನ ಪಕ್ಕ. ಸದ್ದನ್ನು ಹದ ಮಾಡುವವರ ಕಿವಿ ಇರುವುದು ಅಲ್ಲೇ ಅಲ್ವಾ? ಕೈಬೆರಳು ನೋಡುವ ಆಸೆ ಇದ್ದರೆ ಮುಂದೆ ಹೋಗಿ, ಸ್ಪೀಕರ್ ಎದುರಿಗೆ ಮಾತ್ರ ಬೇಡ.

ಇನ್ನು ಜಾಗ. ಇಂದಿರಾನಗರದ 'ದಿ ಹಮ್ಮಿಂಗ್ ಟ್ರೀ' ಅನ್ನೋ ಕ್ಲಬ್ ಈ ಸಂಗೀತಕ್ಕೆ ಒಳ್ಳೆಯ ಮನೆಯಾಗಿತ್ತು. 2013ರಲ್ಲಿ ಶುರುವಾಗಿ 2019ರಲ್ಲಿ ಮುಚ್ಚಿತು. ಅಂಥ ಜಾಗಗಳು ಉಳಿಯಬೇಕು ಅಂದರೆ ನಾವು ಟಿಕೆಟ್ ತಗೊಳ್ಳಲೇಬೇಕು ಅಂತ ನಾನು ಹೇಳೋದು ಇದಕ್ಕೇ. ಕೂತು ಕೇಳುವ ಇಷ್ಟ ಇದ್ದರೆ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಅನ್ನೋ ಪಬ್ ಇದೆ. ದುಬಾರಿ, ಆದರೆ ಗೋಡೆ ತುಂಬ ಪುಸ್ತಕ, ಎದುರಿಗೆ ಸಂಗೀತ. 2009ರಲ್ಲಿ ಲಂಡನ್‌ನಲ್ಲಿ ಶುರುವಾದ, ಚಿಕ್ಕ ಜಾಗಗಳಲ್ಲಿ ಸಂಗೀತ ಏರ್ಪಡಿಸುವ 'ಸೋಫಾರ್ ಸೌಂಡ್ಸ್' ಸಂಸ್ಥೆ ಬೆಂಗಳೂರಿನಲ್ಲೂ ಕಾರ್ಯಕ್ರಮ ಮಾಡಿದೆ. ಅಲ್ಲಿ ಯಾರು ಹಾಡುತ್ತಾರೆ ಅಂತ ಮೊದಲೇ ಹೇಳುವುದಿಲ್ಲ, ಬಂದವರು ಮಾತಾಡದೆ ಕೇಳುತ್ತಾರೆ.

ಮೊದಲು ಹಾಡುವ ಹೊಸ ತಂಡವನ್ನೂ ತಪ್ಪಿಸಬೇಡಿ, ಬೇಗ ಹೋಗಿ. ಮುಗಿದ ಮೇಲೆ ವಾದಕರು ತಾವೇ ಕೇಬಲ್ ಸುತ್ತುತ್ತಾ ಇರುತ್ತಾರೆ. ಸುತ್ತಿ ಮುಗಿಸಲಿ, ಆಮೇಲೆ ಹೋಗಿ ಯಾವ ಹಾಡು ಹಿಡಿಸಿತು ಅಂತ ಹೇಳಿ. ಟೀ ಶರ್ಟೋ ಸಿಡಿಯೋ ಇಟ್ಟಿದ್ದರೆ ಒಂದು ತಗೊಳ್ಳಿ.