ಜಪಾನ್‌ಗೆ ಕುಕ್ ಆಗಿ ಬರೋ ಮುಂಚೆ ಇದನ್ನ ನಿನ್ನ ನೇಪಾಳಿ ಗೆಳೆಯನಿಗೂ ಓದಿ ಹೇಳು

ತಮ್ಮಾ, ನೀನು ಅಂತಾನೇ ಬರೀತೀನಿ, ಬೇಜಾರ್ ಮಾಡ್ಕೋಬೇಡ. ಬೆಂಗಳೂರಿನ ಹೋಟ್ಲಲ್ಲಿ ನೀನು ದೋಸೆ ಕಲ್ಲಿಗೆ, ಪಕ್ಕದಲ್ಲಿ ನೇಪಾಳದ ಬಾಗ್ಲುಂಗ್ ಕಡೆಯ ಹುಡುಗ ತಂದೂರಿಗೆ, ಇಬ್ರೂ ಜಪಾನ್‌ಗೆ ಹೊರಡೋಣ ಅಂತಿದೀರ, ಏಜೆಂಟ್ ತಲಾ 15 ಲಕ್ಷ ಯೆನ್ ಕೇಳ್ತಿದಾನೆ, ಬರಬಹುದಾ ಅಣ್ಣ ಅಂತ ಕೇಳಿದೀಯ. ನಾನು ಟೋಕಿಯೋಗೆ ಬಂದು 16 ವರ್ಷ ಆಯ್ತು, ಅದ್ರಲ್ಲಿ 11 ವರ್ಷ ನೇಪಾಳಿಗಳ ಜೊತೆ ಒಂದೇ ಕಿಚನ್ನು, ಒಂದೇ ರೂಮು. ಅದಕ್ಕೇ ನಿನಗಿಂತ ಹೆಚ್ಚಾಗಿ ಆ ಹುಡುಗನ ಬಗ್ಗೆನೇ ಹೇಳ್ತೀನಿ, ಯಾಕಂದ್ರೆ ಇಲ್ಲಿ ಇಂಡಿಯನ್ ರೆಸ್ಟೋರೆಂಟ್ ಅಂತ ಬೋರ್ಡ್ ಇರೋ ಕಡೆ ಒಳಗೆ ಹೋದ್ರೆ ಬಹಳ ಸಲ ಓನರ್ರೂ ನೇಪಾಳಿ, ಕುಕ್ಕೂ ನೇಪಾಳಿ. ನೀನು ಬಂದ್ರೂ ಬದುಕೋದು ಅವರ ಬದುಕನ್ನೇ.

ಮೊದಲು ಬಂದವರೆಲ್ಲ ದೆಹಲಿ, ಮುಂಬೈ ಹೋಟೆಲ್‌ಗಳಲ್ಲಿ ಪಾತ್ರೆ ತೊಳೀತಾ ತೊಳೀತಾ ತಂದೂರ್ ಕಲಿತವರು. ಅಲ್ಲಿಂದ ಇಲ್ಲಿಗೆ ಬಂದ್ರು, ನಾಲ್ಕು ಕಾಸು ಕೂಡಿಸಿ ಸ್ವಂತ ಅಂಗಡಿ ಹಾಕಿದ್ರು, ಆಮೇಲೆ ಊರಿಂದ ತಮ್ಮನ್ನ, ಭಾಮೈದನ್ನ, ಪಕ್ಕದ ಮನೆ ಹುಡುಗನ್ನ ಕರೆಸಿಕೊಂಡ್ರು. ಬಾಗ್ಲುಂಗ್ ಜಿಲ್ಲೆ ಗಲ್ಕೋಟ್ ಕಡೆಯವರು ಅದಕ್ಕೇ ಇಲ್ಲಿ ಅಷ್ಟೊಂದು ಜನ. ಈಗ ಇಡೀ ಜಪಾನಲ್ಲಿ ನೇಪಾಳಿಗಳು 2 ಲಕ್ಷ ದಾಟಿದಾರೆ, ಸ್ಟೂಡೆಂಟ್ಸೂ ಸೇರಿ. ಮೆನು ಮಾತ್ರ ಎಲ್ಲಾ ಕಡೆ ಒಂದೇ, ಸಿಹಿ ಬಟರ್ ಚಿಕನ್, ಚೀಸ್ ನಾನ್, ಮ್ಯಾಂಗೋ ಲಸ್ಸಿ. ಪ್ಲೇಟಿಂದ ಆಚೆ ಜೋತು ಬೀಳೋ ಅಷ್ಟು ದೊಡ್ಡ ನಾನ್. ಮಾಡೋರು ಅದನ್ನ ಮುಟ್ಟಲ್ಲ, ಗಿರಾಕಿ ಹೋದ್ಮೇಲೆ ಅವರಿಗೆ ಬೇಕಾಗಿರೋದು ಅನ್ನ, ತೆಳ್ಳಗಿನ ಬೇಳೆ, ಊರಿಂದ ತಂದಿಟ್ಟ ಗುಂದ್ರುಕ್. ಹುಳಿ ಬರಿಸಿ ಒಣಗಿಸಿದ ಸೊಪ್ಪು ಅದು, ನಮಗೆ ಉಪ್ಪಿನಕಾಯಿ ಹೆಂಗೋ ಹಂಗೆ.

ಈಗ ಆ 15 ಲಕ್ಷದ ವಿಷ್ಯ. ಇದೊಂದೇ ತಮ್ಮಾ ಎಲ್ಲಾನೂ ತೀರ್ಮಾನ ಮಾಡೋದು. ಬರೋರಲ್ಲಿ ಹೆಚ್ಚಿನವರು ಊರ ಸಾಹುಕಾರನ ಹತ್ರ ತಿಂಗಳಿಗೆ ನೂರಕ್ಕೆ ಎರಡು ಮೂರು ರೂಪಾಯಿ ಬಡ್ಡಿಗೆ ತಂದು ಕೊಟ್ಟಿರ್ತಾರೆ, ಆ ಸಾಲ ತಲೆ ಮೇಲಿರೋವರೆಗೂ ಓನರ್ ಏನಂದ್ರೂ ಹೂಂ ಅನ್ನಬೇಕು. ಬೆಳಗ್ಗೆ 10ಕ್ಕೆ ಹೋದ್ರೆ ರಾತ್ರಿ 11, ಮಧ್ಯಾಹ್ನ 3ರಿಂದ 5 ಬ್ರೇಕು, ಅಂಗಡಿಯಲ್ಲೇ ಚೇರ್ ಜೋಡಿಸಿಕೊಂಡು ಮಲಗೋದು, ವಾರಕ್ಕೊಂದು ರಜೆ, ಅದೂ ಒಮ್ಮೊಮ್ಮೆ ಇಲ್ಲ.

2015ರ ಏಪ್ರಿಲ್ 25 ಶನಿವಾರ ನಂಗಿನ್ನೂ ಕಣ್ಣಿಗೆ ಕಟ್ಟಿದಂಗಿದೆ. ಲಂಚ್ ಮುಗಿದು ಮೂರು ಗಂಟೆ ದಾಟಿತ್ತು, ಇನ್ನೂ ಚೇರ್ ಜೋಡಿಸ್ತಾ ಇದ್ವಿ, ನೇಪಾಳದಲ್ಲಿ ಭೂಕಂಪ ಅಂತ ಫೋನಿಗೆ ಬಂತು. ನಮ್ ತಂದೂರ್ ದಾಜು, ದಾಜು ಅಂದ್ರೆ ಅವರ ಭಾಷೆಲಿ ಅಣ್ಣ, ಗೋರ್ಖಾ ಜಿಲ್ಲೆಯವರು, ಭೂಕಂಪ ಎದ್ದಿದ್ದೇ ಅಲ್ಲಿ. ಹೆಂಡ್ತಿಗೆ ಫೋನು, ಮಾವನಿಗೆ ಫೋನು, ಯಾವ ಲೈನೂ ಇಲ್ಲ. ಐದಾಯ್ತು, ಬೋರ್ಡ್ ಲೈಟ್ ಹಾಕಿದ್ರು. ದಾಜು ಎದ್ದು ಫೋನನ್ನ ಹಿಟ್ಟಿನ ಡಬ್ಬದ ಮೇಲೆ ನಿಲ್ಲಿಸಿಕೊಂಡು ನಾನ್ ತಟ್ಟೋಕೆ ಶುರು ಮಾಡಿದ್ರು, ಒಂದು ನಾನ್ ಒಳಗೆ ಹಾಕೋದು, ಹಿಟ್ಟಿನ ಬೆರಳಲ್ಲೇ ರೀಡಯಲ್ ಒತ್ತೋದು, ಕಂಬಿ ತಗೊಂಡು ನಾನ್ ಎತ್ತೋದು, ಮತ್ತೆ ರೀಡಯಲ್. ಸ್ಕ್ರೀನ್ ಪೂರ್ತಿ ಹಿಟ್ಟಾಗಿತ್ತು. ಮಾರನೇ ದಿನ ರಾತ್ರಿ ಲೈನ್ ಸಿಕ್ತು, ಮನೆ ಬಿದ್ದಿತ್ತು, ಜನ ಉಳಿದಿದ್ರು. ಅವರು ಊರಿಗೆ ಹೋಗೋಕೆ ಆಗಿದ್ದು ಎರಡು ವರ್ಷ ಆದ್ಮೇಲೆ, ಸಾಲ ತೀರಿದ ಮೇಲೆ.

ಅದಕ್ಕೇ ಹೇಳೋದು, ಏಜೆಂಟ್‌ಗೆ ಅಷ್ಟು ದುಡ್ಡು ಕೊಡ್ಬೇಡಿ. ಕುಕ್ ವೀಸಾಗೆ 10 ವರ್ಷ ಅನುಭವ ಬೇಕು, ನಿಮಗಿಬ್ರಿಗೂ ನಿಜವಾಗ್ಲೂ ಇದ್ರೆ ಕೆಲಸ ಕೊಡೋ ಅಂಗಡಿಯವರ ಹತ್ರ ನೇರ ಮಾತಾಡಿ. ಇಲ್ದಿದ್ರೆ ಸುಳ್ಳು ಲೆಟರ್ ಮಾಡಿಸ್ಕೊಂಡು ಬರಬೇಡಿ, ವರ್ಷಗಳಾದ ಮೇಲೆ ಗೊತ್ತಾದ್ರೂ ವೀಸಾ ಹೋಗುತ್ತೆ. ಸಂಬಳ ಕೇಳು. ಟೋಕಿಯೋದಲ್ಲಿ 2025ರ ಅಕ್ಟೋಬರ್‌ನಿಂದ ಗಂಟೆಗೆ ಕಡಿಮೆ ಅಂದ್ರೆ 1,226 ಯೆನ್ ಕೊಡಬೇಕು, ದಿನಕ್ಕೆ 8 ಗಂಟೆ, ತಿಂಗಳಿಗೆ 22 ದಿನ ಅಂದ್ರೂ 2 ಲಕ್ಷದ 15 ಸಾವಿರ ದಾಟುತ್ತೆ. ಇಲ್ಲಿ 12 ಗಂಟೆ ದುಡಿಸಿ ಒಂದೂವರೆ ಲಕ್ಷ ಕೈಗಿಟ್ಟವರನ್ನ ನಾನೇ ನೋಡಿದೀನಿ. ಪಾಸ್‌ಪೋರ್ಟು, ರೆಸಿಡೆನ್ಸ್ ಕಾರ್ಡು ಯಾರ ಕೈಗೂ ಕೊಡಬೇಡಿ. ಓನರ್ ಸರಿ ಇಲ್ಲಾಂದ್ರೆ ಅದೇ ಕುಕ್ ಕೆಲಸಕ್ಕೆ ಬೇರೆ ಅಂಗಡಿ ಸೇರಬಹುದು, 14 ದಿನದೊಳಗೆ ಇಮಿಗ್ರೇಷನ್‌ಗೆ ತಿಳಿಸಬೇಕು ಅಷ್ಟೇ. ಇದು ಗೊತ್ತಿಲ್ದೆ ಐದೈದು ವರ್ಷ ಬೈಸಿಕೊಂಡು ಉಳಿದವರಿದಾರೆ, ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ.

ಮುಂದೆ ಸ್ವಂತ ಅಂಗಡಿ ಹಾಕ್ತೀವಿ ಅನ್ನೋ ಲೆಕ್ಕ ಇದ್ರೆ, ಮೊದಲು ಅದರ ವೀಸಾಗೆ 50 ಲಕ್ಷ ಯೆನ್ ಬಂಡವಾಳ ತೋರಿಸಿದ್ರೆ ಆಗ್ತಿತ್ತು, 2025ರ ಅಕ್ಟೋಬರ್‌ನಲ್ಲಿ ಅದನ್ನ 3 ಕೋಟಿ ಮಾಡಿದಾರೆ. ಅದನ್ನ ನಂಬ್ಕೊಂಡು ಬರಬೇಡಿ.

ಇನ್ನೊಂದು, ಆ ಹುಡುಗನಿಗೆ ಮಗಳಿದಾಳೆ ಅಂದ್ಯಲ್ಲ. ಹೆಂಡ್ತಿ ಬಂದ್ರೆ ಪರ್ಮಿಷನ್ ತಗೊಂಡು ವಾರಕ್ಕೆ 28 ಗಂಟೆ ಕೆಲಸ ಮಾಡಬಹುದು, ಹಾಗಾಗಿ ಎಲ್ರೂ ಹೆಂಡ್ತಿನ ಮೊದಲು ಕರೆಸಿ ಮಗೂನ ಅಜ್ಜಿ ಹತ್ರ ಬಿಡ್ತಾರೆ. ಮಗು 14, 15 ಆದ್ಮೇಲೆ ಕರೆಸ್ತಾರೆ, ಅಷ್ಟೊತ್ತಿಗೆ ಇಲ್ಲಿಯ ಹೈಸ್ಕೂಲ್ ಎಂಟ್ರೆನ್ಸ್ ಎದುರಿಗಿರುತ್ತೆ, ಕಾಂಜಿ, ಅಂದ್ರೆ ಜಪಾನೀಸಿನ ಚಿತ್ರದಂಥ ಅಕ್ಷರ, ಒಂದೂ ಬರಲ್ಲ, ಅಪ್ಪ ಅಮ್ಮ ರಾತ್ರಿ 11ಕ್ಕೆ ಮನೆಗೆ ಬರೋದು. ಟೋಕಿಯೋದಲ್ಲಿ ನೇಪಾಳಿಗಳೇ ಸೇರಿ 2013ರಲ್ಲಿ ಎವರೆಸ್ಟ್ ಇಂಟರ್‌ನ್ಯಾಷನಲ್ ಸ್ಕೂಲ್ ಅಂತ ಶುರು ಮಾಡಿದಾರೆ, ಆದ್ರೆ ಕುಕ್ ಸಂಬಳದಲ್ಲಿ ಎಲ್ರಿಗೂ ಫೀಸ್ ಕಟ್ಟೋಕಾಗಲ್ಲ. ಕರ್ಕೊಂಡು ಬರೋದಾದ್ರೆ ಒಂದನೇ ಕ್ಲಾಸಿಗೇ ಕರ್ಕೊಂಡ್ ಬಾ ಅಂತ ಅವನಿಗೆ ನನ್ನ ಪರವಾಗಿ ಹೇಳು, ಸರ್ಕಾರಿ ಶಾಲೆ ಸಾಕು, ಎರಡೇ ವರ್ಷದಲ್ಲಿ ಅಪ್ಪನಿಗೇ ಜಪಾನೀಸ್ ಹೇಳಿಕೊಡ್ತಾಳೆ.

ಕಾಂಟ್ರಾಕ್ಟ್ ಕೊಟ್ಟಿದ್ರೆ ಇಬ್ಬರದೂ ಫೋಟೋ ತೆಗೆದು ಕಳಿಸು, ಸೈನ್ ಮಾತ್ರ ಮಾಡಿರಬೇಡ. ನಮ್ಮ ರಾತ್ರಿ 11 ಅಂದ್ರೆ ನಿಮಗೆ ಏಳೂವರೆ, ಆಗ ಫೋನ್ ಮಾಡಿ, ದಾಜುನೂ ಪಕ್ಕದಲ್ಲಿ ಕೂರಿಸಿಕೊಂಡಿರ್ತೀನಿ, ಆ ಹುಡುಗ ಅವರ ಹತ್ರ ನೇಪಾಳಿಯಲ್ಲೇ ಕೇಳಲಿ.