ಐಗುಪ್ತಕ್ಕೆ ಹೊರಟವರು

ಗಂಗಾವತಿಯ ನಿವೃತ್ತ ಮಾಸ್ತರರೊಬ್ಬರು ಕಳೆದ ಸಂಚಿಕೆಯ ಮುಖಪುಟದ ಬಗ್ಗೆ ಉದ್ದನೆಯ ಪತ್ರ ಬರೆದಿದ್ದಾರೆ. ಕೊಪ್ಪಳ ಜಿಲ್ಲೆಯ ಯುವ ಕಲಾವಿದೆಯೊಬ್ಬರ ಚಿತ್ರ ಅದು. ಕೂಸನ್ನು ಕೊಲ್ಲಿಸಲು ಹೊರಟ ಹೆರೋದ ರಾಜನಿಗೆ ಹೆದರಿ ಯೋಸೇಫ, ಮರಿಯಳು ಕೂಸು ಯೇಸುವನ್ನು ಎತ್ತಿಕೊಂಡು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೋಗುವ ಬೈಬಲ್ ಕಥೆಯನ್ನು ಅವರು ಕುಷ್ಟಗಿ ಬಸ್‌ಸ್ಟ್ಯಾಂಡಿಗೆ ತಂದಿದ್ದಾರೆ. 'ದೈವಕುಟುಂಬವನ್ನು ಗುಳೆ ಹೋಗುವ ಕೂಲಿಗಳಂತೆ ತೋರಿಸುವುದು ಅಪಚಾರ. ಕತ್ತೆಯ ಬದಲು ಸಾರಿಗೆ ಬಸ್ಸೇ? ಅಷ್ಟಕ್ಕೂ ನಮ್ಮ ಸೀಮೆಗೂ ಬೈಬಲ್ಲಿಗೂ ಏನು ಸಂಬಂಧ?' ಇದು ಪತ್ರದ ಸಾರ.

ಮಾಸ್ತರರೇ, ದೇವರ ಚಿತ್ರ ಬಿಡಿಸುವವರಿಗೆ ಭಯಭಕ್ತಿ ಬೇಕು ಅನ್ನುವ ನಿಮ್ಮ ಮಾತು ಸರಿ. ಸುಮ್ನೆ ಸುದ್ದಿಯಾಗಲೆಂದು ಬಿಡಿಸುವವರೂ ಇದ್ದಾರೆ. ಆದರೆ ಈ ಹುಡುಗಿ ಅಂಥವಳಲ್ಲ. ಚಿತ್ರವನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ. ಮರಿಯಳ ಮಡಿಲಲ್ಲಿ ಕೂಸು ಕೌದಿಯೊಳಗೆ ಬೆಚ್ಚಗಿದೆ, ತಲೆಗೆ ಕುಂಚಿಗೆ. ಪಕ್ಕದಲ್ಲಿ ರೊಟ್ಟಿ ಗಂಟು. ಯೋಸೇಫನ ಗೊಬ್ಬರದ ಚೀಲದಿಂದ ಗರಗಸದ ಹಿಡಿ ಹೊರಗೆ ಚಾಚಿದೆ. ಬಡಿಗನಲ್ವಾ ಅವನು, ಹೋದಲ್ಲಿ ಕೆಲಸ ಹುಡುಕಬೇಕು. ಆ ಹಿಡಿ ಕೈಬೆವರಿಗೆ ಕಪ್ಪಾಗಿದೆ. ಭಕ್ತಿ ಇಲ್ಲದ ಕೈ ಅಷ್ಟು ಸಣ್ಣದನ್ನು ಬಿಡಿಸೋದಿಲ್ಲ.

ಇನ್ನು ಕತ್ತೆ. ಮತ್ತಾಯನ ಸುವಾರ್ತೆಯ 2ನೇ ಅಧ್ಯಾಯ ತೆರೆದು ನೋಡಿ. ಯೋಸೇಫ ರಾತ್ರೋರಾತ್ರಿ ಎದ್ದು ಕೂಸನ್ನೂ ತಾಯಿಯನ್ನೂ ಕರಕೊಂಡು ಹೊರಟ ಅಂತಿದೆ, ಕತ್ತೆಯ ಸುದ್ದಿಯೇ ಇಲ್ಲ. ಕತ್ತೆ ತಂದವರು ಆಮೇಲಿನ ಕಥೆ ಹೇಳುವವರು, ಚಿತ್ರ ಬಿಡಿಸುವವರು. ಅವರ ಕಾಲದಲ್ಲಿ ಬಡವರ ಗಾಡಿ ಅದೇ ಆಗಿತ್ತು. ಇವತ್ತು ಸಿಂಧನೂರು, ಮಾನ್ವಿ, ಲಿಂಗಸುಗೂರಿನ ಬಡವರು ಯಾವುದು ಹತ್ತುತ್ತಾರೆ?

ಯುರೋಪಿನ ಫ್ಲಾಂಡರ್ಸಿನ ಚಿತ್ರಕಾರ ಬ್ರೂಗಲ್ 1566ರಲ್ಲಿ ಯೇಸು ಹುಟ್ಟಿದ ಊರಾದ ಬೆತ್ಲೆಹೇಮಿನ ಜನಗಣತಿಯನ್ನು ಬಿಡಿಸಿದಾಗ ಬೆತ್ಲೆಹೇಮ್ ತನ್ನ ಸೀಮೆಯ ಹಳ್ಳಿಯಾಯಿತು. ಎಲ್ಲೆಲ್ಲೂ ಹಿಮ. ಹೆಸರು ಬರೆಸಲು ಜನ ಮುಗಿಬಿದ್ದಿದ್ದಾರೆ, ಮಕ್ಕಳು ಆಡುತ್ತಿವೆ. ಬಸುರಿ ಮರಿಯಳು ಕತ್ತೆ ಮೇಲೆ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಮುಂದೆ ಯೋಸೇಫ, ಅವನ ಹೆಗಲ ಮೇಲೂ ಗರಗಸ! ಅಷ್ಟು ದೂರ ಯಾಕೆ, ಆಂಧ್ರದ ಲೇಪಾಕ್ಷಿ ಗುಡಿಗೆ ಹೋಗಿ ತಲೆ ಎತ್ತಿ ಚಾವಣಿಯ ಚಿತ್ರ ನೋಡಿ. ಪುರಾಣದ ಕಥೆಗಳ ನಡುವೆ ಗಂಡಸರು ವಿಜಯನಗರದ ಉದ್ದ ಕುಲ್ಲಾಯಿ ಟೊಪ್ಪಿಗೆ ಹಾಕಿ ನಿಂತಿದ್ದಾರೆ. ಅದನ್ನು ಅಪಚಾರ ಅಂದವರುಂಟೇ?

ಸಂಬಂಧ ಕೇಳಿದಿರಿ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಬೈಬಲ್ಲನ್ನು ಕನ್ನಡಕ್ಕೆ ತಂದದ್ದು ಈ ಸೀಮೆಯಲ್ಲಿದ್ದುಕೊಂಡೇ. ಇನ್ನೂರು ವರ್ಷದ ನೆಂಟಸ್ತನ ಕಡಿಮೆಯೇ?

ನನಗೆ ನೋವಾದದ್ದು 'ಕೂಲಿಗಳಂತೆ' ಎಂಬ ಮಾತಿಗೆ. ಜೀವ ಉಳಿಸಿಕೊಳ್ಳಲು ಓಡಿದವರಿಗೂ ಕೂಲಿಗೆ ಹೋಗುವವರಿಗೂ ಹೋಲಿಕೆ ಸಲ್ಲದು ಅಂತೀರಿ. ಮಳೆ ಕೈಕೊಟ್ಟು, ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತ ಮನೆಯಲ್ಲಿ ಈ ಮಾತು ಹೇಳಿ ನೋಡಿ. ಮುದುಕರನ್ನು ಮನೆ ಕಾಯಲು ಬಿಟ್ಟು, ಮಕ್ಕಳನ್ನು ಸಾಲೆ ಬಿಡಿಸಿ ಬೆಂಗಳೂರಿಗೋ ಗೋವಾಕ್ಕೋ ಹೊರಟವರು ಜೀವ ಉಳಿಸಿಕೊಳ್ಳಲೆಂದೇ ಹೊರಟವರು. ನಿಮ್ಮ ತರಗತಿಯಲ್ಲೂ ದೀಪಾವಳಿ ಕಳೆದ ಮೇಲೆ ಖಾಲಿ ಬಿದ್ದ ಜಾಗಗಳನ್ನು ನೀವು ಕಂಡೇ ಇರುತ್ತೀರಿ.

ಕಲಾವಿದರ ಪಾಡೂ ಬೇರೆಯಲ್ಲ. ಅಂಗಡಿ ಬೋರ್ಡು, ಗೋಡೆ ಬರಹದ ಕೆಲಸವನ್ನು ಫ್ಲೆಕ್ಸ್ ನುಂಗಿತು. ಚಿತ್ರ ತೂಗುಹಾಕಬೇಕೆಂದರೆ ಬೆಂಗಳೂರಿನ ದಾರಿ ಹಿಡಿಯಬೇಕು. ಕಿನ್ನಾಳದ ಚಿತ್ರಗಾರರಂಥವರು ಪಕ್ಕದಲ್ಲೇ ಇದ್ದರೂ ನಮ್ಮ ಕಚೇರಿಗಳ ಗೋಡೆಗೆ ಎಲ್ಲಿಂದಲೋ ಪ್ರಿಂಟ್ ಮಾಡಿಸಿ ತಂದ ಜಲಪಾತದ ಚಿತ್ರವೇ ಬೇಕು! ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಮಾಸ್ತರರೇ, ನಿಮ್ಮ ಅಕ್ಷರ ಮುತ್ತಿನಂತಿದೆ, ಸಿಟ್ಟೂ ಜಾಸ್ತಿ ಇದೆ. ಮುಂದಿನ ಪತ್ರವನ್ನು ಈ ಗೋಡೆಗಳ ಬಗ್ಗೆ ಜಿಲ್ಲಾಡಳಿತಕ್ಕೆ ಬರೆಯಿರಿ. ನಮಗೊಂದು ಪ್ರತಿ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ.

— ಸಂಪಾದಕ